ಎಪ್ಪತ್ತೇಳು ಇಂಚು ಕಪ್ಪು

ಬಿತೊಮ್ ಪಟ್ಟಣದಲ್ಲಿ ನಮ್ಮ ಅಂಗಡಿ,
ಟ್ರಾಮು ತಿರುಗುವ ಮೂಲೆಯಲ್ಲಿ.
ಗೋಡೆ ತುಂಬ ಟೀವಿಗಳು. ಎಲ್ಲದರಲ್ಲೂ ಒಂದೇ ಓತಿಕ್ಯಾತ,
ಒಂದೇ ಜೇನಹನಿ, ನಿಧಾನಕ್ಕೆ,
ದಿನಕ್ಕೆ ಇನ್ನೂರು ಸಲ.
ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ,
ಆ ಜೇನು ಇನ್ನೂ ತಟ್ಟೆ ಮುಟ್ಟಿಲ್ಲ.

ಸಂತ ಬಾರ್ಬರಾ ಹಬ್ಬದ ವಾರ, ರಿಯಾಯಿತಿಯ ಕೆಂಪು ಚೀಟಿ.
ಎವಾಲ್ಡ್ ಕೊಟ್ಸುರ್ ಬಂದ, ಬೂಟಿನ ಹಿಮ ಕೊಡವುತ್ತ.
ಹಿಂದೆ ಹೆಂಡತಿ ತ್ರೂದಾ,
ಗೋಡೆಯ ಅಳತೆ ಬರೆದ ಕಾಗದ ಮಡಚಿ ಹಿಡಿದು.
"ದೊಡ್ಡದು ಬೇಕು" ಅಂದ, "ಕಣ್ಣು ಸಣ್ಣದಾಗ್ತಾ ಇದೆ."

ಬಾಯಿಪಾಠ ಒಪ್ಪಿಸಿದೆ:
ಇದು ಎಪ್ಪತ್ತೇಳು ಇಂಚು, ಹನ್ನೆರಡು ಸಾವಿರ ಜ್ಲೋಟಿ.
ಪ್ರತಿ ಚುಕ್ಕಿಯೂ ತನ್ನ ದೀಪ ತಾನೇ ಆರಿಸಿಕೊಳ್ಳುತ್ತದೆ,
ಹಾಗಾಗಿ ಕಪ್ಪು ಅಂದರೆ ಅಪ್ಪಟ ಕಪ್ಪು.
ಅದು ಎಂಬತ್ತೈದು, ಎಂಟೂವರೆ ಸಾವಿರ.
ಬೆನ್ನ ಹಿಂದೆ ಎರಡು ಸಾವಿರ ಪುಟಾಣಿ ದೀಪ,
ಹಗಲು ಕಿಟಕಿ ತೆರೆದಿಟ್ಟರೂ ಜಗ್ಗದ ಬೆಳಕು.
ಇರುಳಲ್ಲಿ ಮಾತ್ರ ಸ್ವಲ್ಪ, ಸ್ವಲ್ಪವೇ, ಸೋರುತ್ತದೆ.

"ಅಪ್ಪಟ ಕಪ್ಪು" ಎಂದು ಅವನು ಇನ್ನೊಮ್ಮೆ ಅಂದ,
ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುವವನಂತೆ.
"ಇಪ್ಪತ್ತೇಳು ವರ್ಷ ಇದ್ದೆ, ಏಳುನೂರು ಮೀಟರ್ ಕೆಳಗೆ.
ತೋರಿಸು ನೋಡೋಣ."

ಅಂಗಡಿಯ ದೀಪ ಆರಿಸಿದೆ. ಮ್ಯಾನೇಜರ್ ಊಟಕ್ಕೆ ಹೋಗಿದ್ದ.
ಎರಡರಲ್ಲೂ ಒಂದೇ ದೃಶ್ಯ: ಕತ್ತಲು, ದೂರದಲ್ಲೊಂದು ಲಾಂದ್ರ.
ದುಬಾರಿಯದರಲ್ಲಿ ಅದು ಸೂಜಿಮೊನೆ.
ಅಗ್ಗದ್ದರಲ್ಲಿ ಚಂದ್ರ ಗುಡಿ ಕಟ್ಟಿದ ಹಾಗೆ
ಸುತ್ತಲೂ ಮಸುಕು ಬೆಳ್ಳಗೆ.
ನೋಡಿ, ಇದೇ ದೋಷ, ಎಂದು ಬೆರಳಿಟ್ಟೆ.

ಅವನು ದೋಷದ ಮುಂದೆ ನಿಂತೇ ಇದ್ದ.
"ಗಣಿಯೊಳಗೆ ದೀಪ ಹೀಗೇ ಕಾಣೋದು ಮಗಳೇ.
ದೂಳಿರುತ್ತಲ್ಲ. ಗುಡಿ ಕಟ್ಟದ ದೀಪ ನಾನು ಕಂಡೇ ಇಲ್ಲ.
ಗುಡಿ ನೋಡಿಯೇ ಹೇಳ್ತಿದ್ದೆವು,
ಬರ್ತಿರೋನು ಯಾರು, ಎಷ್ಟು ದೂರದಲ್ಲಿದ್ದಾನೆ."
ತ್ರೂದಾ ಅಂದಳು: "ಮನೆಯೊಳಗೆ ಗಣಿ ಬೇಡ."

ಆಮೇಲೆ ಕರವಸ್ತ್ರದ ಗಂಟು ಬಿಚ್ಚಿ ಪೆನ್‌ಡ್ರೈವ್ ಕೊಟ್ಟ.
ಓತಿಕ್ಯಾತ ಹೋಯಿತು. ಪಾರಿವಾಳ ಬಂತು, ಪಂದ್ಯದ್ದು,
ಮೊಮ್ಮಗ ಫೋನಿನಲ್ಲಿ ಹಿಡಿದದ್ದು, ಚಿತ್ರ ಅಲುಗುತ್ತದೆ.
ಅದು ಕತ್ತು ತಿರುಗಿಸಿತು.
ದುಬಾರಿಯದರಲ್ಲಿ ಹಸಿರು ಹೋಗಿ ನೇರಳೆ ಬರುವ ನಡುವೆ
ಹೆಸರಿಲ್ಲದ ಇನ್ನೊಂದು ಬಣ್ಣ ಹಾದುಹೋಯಿತು.
ಅಗ್ಗದ್ದರಲ್ಲಿ ಹಸಿರು, ಆಮೇಲೆ ನೇರಳೆ.
ಅಷ್ಟೇ.

"ಬೆಲ್ಜಿಯಮ್ಮಿಂದ ಒಂದೇ ದಿನದಲ್ಲಿ ಹಾರಿ ಬಂದವಳು" ಅಂದ.
ಇನ್ನೊಮ್ಮೆ ಹಾಕು ಅಂದ. ಇನ್ನೊಮ್ಮೆ.
ತ್ರೂದಾ ನನ್ನ ಕಿವಿಯ ಬಳಿ: "ಮೇ ತಿಂಗಳಲ್ಲಿ ಗಿಡುಗ ಒಯ್ದಿತು."

ಮೂರೂವರೆ ಸಾವಿರದ ಫರಕು, ಆ ಒಂದು ಬಣ್ಣಕ್ಕೆ.
ಅವನು ಬಾಯಲ್ಲೇ ಲೆಕ್ಕ ಹಾಕಿದ:
ಜೋಳ, ಬಟಾಣಿ, ಗೂಡಿಗೆ ಹೊಸ ತಗಡು, ಎರಡು ಚಳಿಗಾಲದ ಕಾಳು.
ಮುಚ್ಚಿಡಲು ಮನಸ್ಸು ಬಾರದೆ ನಾನೂ ಹೇಳಿಬಿಟ್ಟೆ:
ಒಂದೇ ಚಾನೆಲ್ ದಿನವಿಡೀ ಹಾಕಿದರೆ
ಮೂಲೆಯ ಗುರುತು ಇದರ ಮೈಯಲ್ಲಿ ಉಳಿದುಬಿಡಬಹುದು,
ಚಾನೆಲ್ ಬದಲಿಸಿದರೂ ಹೋಗದೆ.

ಅವನು ಟೋಪಿ ತೆಗೆದ.
ಹುಬ್ಬಿನ ಮೇಲೊಂದು ನೀಲಿ ಗೆರೆ:
ಗಾಯ ಮಾಯುವ ಮೊದಲೇ ಒಳಗೆ ಕೂತ ಕಲ್ಲಿದ್ದಲು.
"ವಾರಂಟಿ ಎಷ್ಟು ವರ್ಷ?"
ನಕ್ಕನೋ ಇಲ್ಲವೋ, ಕತ್ತಲಲ್ಲಿ ಗೊತ್ತಾಗಲಿಲ್ಲ.
ಅಗ್ಗದ್ದೇ ಸಾಕು, ಯೋಚಿಸಿ ಬರ್ತೇವೆ, ಎಂದು ಹೊರಟರು.
ಪೆನ್‌ಡ್ರೈವ್ ಅಲ್ಲೇ ಉಳಿಯಿತು. ನಾನು ಕೀಳಲಿಲ್ಲ.
ಗಿರಾಕಿಗಳು ಕೇಳಿದರು, ಇದು ಯಾವ ಕಂಪನಿಯ ಪಾರಿವಾಳ ಎಂದು.

ಶನಿವಾರ ತ್ರೂದಾ ಒಬ್ಬಳೇ ಬಂದಳು.
"ಎಂಬತ್ತೈದು ನಮ್ಮ ಗೋಡೆಗೆ ಹಿಡಿಯೋದಿಲ್ಲ" ಅಂದಳು,
"ಎಪ್ಪತ್ತೇಳರದ್ದೇ ಕೊಡು, ಏನು ಮಾಡೋದು."
ಕಾಗದ ಬಿಡಿಸಿ ಮೇಜಿನ ಮೇಲಿಟ್ಟಳು.
ಎರಡು ಮೀಟರ್ ನಲವತ್ತು.
ಎರಡರಲ್ಲಿ ಯಾವುದಾದರೂ ಹಿಡಿಯುತ್ತಿತ್ತು.
ನಾನು ಬಿಲ್ ಬರೆದೆ.